ಪದಚರ್ಚೆ: ‘ಆ್ಯಕ್ಚುಯಲ್ ಸೈಜ್’ ಪ್ರಿಂಟಿಗೆ ಏನನ್ನೋಣ?

ಪ್ರಶ್ನೆ, ಪುಣೆಯಿಂದ

ಬಳಗದವರಿಗೆ ನಮಸ್ಕಾರ. ಭೋಸರಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಫ್ಯಾಬ್ರಿಕೇಶನ್ ಶೆಡ್ಡಿನಲ್ಲಿರುವ ವಿಜಯಪುರ ಕಡೆಯ ಹುಡುಗರಿಗಾಗಿ ಕನ್ನಡದಲ್ಲಿ ಒಂದು ಪುಟದ ಸೂಚನೆ ಬರೆಯಬೇಕಿದೆ. ಕ್ಯಾಡ್ (ಕಂಪ್ಯೂಟರಿನಲ್ಲಿ ಗೀಚಿದ) ಡ್ರಾಯಿಂಗನ್ನು 1:1ರಲ್ಲಿ ಪ್ರಿಂಟ್ ತೆಗೆದು, ತಗಡಿಗೆ ಅಂಟಿಸಿ, ಅದರ ಮೇಲೇ ಸೆಂಟರ್ ಪಂಚ್ (ತೂತಿನ ನಡುಬಿಂದುವಿನ ಗುರುತು) ಹೊಡೆಯುವ ಕೆಲಸ. ‘ಆ್ಯಕ್ಚುಯಲ್ ಸೈಜ್’ ಅನ್ನುವುದಕ್ಕೆ ‘ನೈಜ ಗಾತ್ರ’, ‘ಪೂರ್ಣ ಪ್ರಮಾಣ’, ‘ಮೂಲ ಅಳತೆ’ ಇವುಗಳಲ್ಲಿ ಯಾವುದು ಒಪ್ಪುತ್ತದೆ? ಡ್ರಾಯಿಂಗಿನ ಮೂಲೆಯಲ್ಲಿರುವ ‘ಡು ನಾಟ್ ಸ್ಕೇಲ್’ಗೆ ‘ಸ್ಕೇಲ್ ಮಾಡಬೇಡಿ’ ಅಂತ ಬರೆದರೆ ನಡೆದೀತೆ?

ಉತ್ತರ, ಮುಂಬೈಯಿಂದ

‘ಪೂರ್ಣ ಪ್ರಮಾಣ’ವನ್ನು ಮೊದಲು ಹೊರಗಿಡಿ. ಪತ್ರಿಕೆಗಳಲ್ಲಿ ಪೂರ್ಣ ಪ್ರಮಾಣದ ಬಜೆಟ್, ಪೂರ್ಣ ಪ್ರಮಾಣದ ಯುದ್ಧ ಓದಿದವರಿಗೆ ಅದು ‘ಇಡಿಯಾಗಿ’ ಎಂದೇ ಕೇಳಿಸುತ್ತದೆ. ಡ್ರಾಯಿಂಗ್ ಇಡಿಯಾಗಿ ಹಾಳೆಯಲ್ಲಿ ಕೂಡಬೇಕು ಅಂದುಕೊಂಡು ಹುಡುಗ ಹಾಳೆಗೆ ಹೊಂದಿಸಿಬಿಡುವ ‘ಫಿಟ್’ ಒತ್ತುತ್ತಾನೆ. ಬೇಕಾದದ್ದಕ್ಕೆ ಸರಿಯಾಗಿ ಉಲ್ಟಾ.

ಪದ ಹುಡುಕುವ ಮೊದಲು ಇನ್ನೊಂದು ಗಂಟು ಬಿಚ್ಚಬೇಕು. 1:1 ಬೇರೆ, ‘ಆ್ಯಕ್ಚುಯಲ್ ಸೈಜ್’ ಬೇರೆ. 1:1 ಅನ್ನುವುದು ವಸ್ತುವಿಗೂ ಹಾಳೆಯ ಮೇಲಿನ ಚಿತ್ರಕ್ಕೂ ಇರುವ ಲೆಕ್ಕ. ಪಿಡಿಎಫ್‌ನ ಪ್ರಿಂಟ್ ಕಿಟಕಿಯಲ್ಲಿ ಕಾಣುವ ‘ಆ್ಯಕ್ಚುಯಲ್ ಸೈಜ್’ ಪಿಡಿಎಫ್ ಪುಟಕ್ಕೂ ಕಾಗದಕ್ಕೂ ಇರುವ ಲೆಕ್ಕ, ಅಂದರೆ 100%. ಪಿಡಿಎಫ್ ಮಾಡಿದವರು 1:2 ಇಟ್ಟಿದ್ದರೆ ನೀವು ‘ಆ್ಯಕ್ಚುಯಲ್ ಸೈಜ್’ ಎಷ್ಟು ಸಲ ಒತ್ತಿದರೂ ಬರುವುದು ಅರ್ಧವೇ. ‘ನೈಜ ಗಾತ್ರ’ ಸೋಲುವುದು ಇಲ್ಲಿ: ಯಾವುದರ ಗಾತ್ರ? ಕಾಗದಕ್ಕೂ ಗಾತ್ರವಿದೆ, ಎ4 ಅಂದರೆ 210×297 ಮಿ.ಮೀ. ಹಾಗಾಗಿ ಎರಡು ಮಾತು ಬಳಸಿ. ಮೊದಲನೆಯದಕ್ಕೆ ‘ವಸ್ತುವಿನಷ್ಟೇ ಅಳತೆ, 1:1’. ಎರಡನೆಯದಕ್ಕೆ ‘ಪುಟ ಇದ್ದಷ್ಟೇ, 100%’.

ಓದುವಾಗ ‘ಒಂದಕ್ಕೆ ಒಂದು’ ಎಂದು ಬಿಡಿಸಿ ಹೇಳಿ. ಕೂಡಿಸಿ ‘ಒಂದಕ್ಕೊಂದು’ ಅಂದರೆ ‘ಪರಸ್ಪರ’ ಅನ್ನುವ ಅರ್ಥ ಬಂದು ಕೂಡುತ್ತದೆ.

ಆಟೋಕ್ಯಾಡ್‌ನಲ್ಲಿ ಈ ಎರಡು ಲೆಕ್ಕ ಬೇರೆ ಬೇರೆ ಕಡೆ ಇವೆ. ಮಾಡೆಲ್‌ನಲ್ಲಿ (ಚಿತ್ರ ಗೀಚುವ ಜಾಗ) ಯಾವಾಗಲೂ ನಿಜ ಅಳತೆಯಲ್ಲೇ ಗೀಚಿ. ಲೇಔಟ್‌ನ (ಪ್ರಿಂಟಿಗೆ ಹೊಂದಿಸುವ ಹಾಳೆ) ವ್ಯೂಪೋರ್ಟ್‌ಗೆ, ಅಂದರೆ ಚಿತ್ರ ಕಾಣುವ ಚೌಕಟ್ಟಿಗೆ, 1:1 ಕೊಟ್ಟು ಲಾಕ್ ಮಾಡಿ. ಲಾಕ್ ಮಾಡದಿದ್ದರೆ ಮೌಸಿನ ಚಕ್ರ ಒಮ್ಮೆ ತಿರುಗಿದರೂ ಸ್ಕೇಲ್ ಹೋಯಿತು. ಪ್ಲಾಟ್ (ಪ್ರಿಂಟ್) ಕಿಟಕಿಯಲ್ಲಿ ‘ಫಿಟ್ ಟು ಪೇಪರ್’ ಗುರುತು ತೆಗೆದು, 1 ಮಿ.ಮೀ. = 1 ಯೂನಿಟ್ ಇಡಿ. ಇಲ್ಲಿ ಮಿ.ಮೀ. ಬದಲು ಇಂಚು ಉಳಿದಿದ್ದರೆ ಚಿತ್ರ 25.4 ಪಟ್ಟು ಹಿಗ್ಗಿ, ಹಾಳೆಯ ತುಂಬ ಒಂದೇ ಮೂಲೆ ಕಾಣುತ್ತದೆ. ಈ ತಪ್ಪು ಪರವಾಗಿಲ್ಲ, ಕಣ್ಣಿಗೆ ಹೊಡೆಯುತ್ತದೆ. ಕಣ್ಣಿಗೆ ಬೀಳದ ತಪ್ಪು ಆಮೇಲೆ, ಪಿಡಿಎಫ್‌ನಿಂದ ಪ್ರಿಂಟ್ ಕೊಡುವಾಗ ಆಗುವುದು.

50 ಎನ್‌ಬಿ (ಪೈಪಿನ ಹೆಸರಳತೆ), ಪಿಎನ್ 16 (ಒತ್ತಡದ ದರ್ಜೆ) ಫ್ಲ್ಯಾಂಜ್, ಅಂದರೆ ಪೈಪ್ ಜೋಡಿಸುವ ತೂತಿನ ಬಿಲ್ಲೆ, ತೆಗೆದುಕೊಳ್ಳಿ: ಹೊರವ್ಯಾಸ 165, ಪಿಸಿಡಿ (ತೂತುಗಳ ನಡುಬಿಂದು ಕೂಡುವ ವೃತ್ತದ ವ್ಯಾಸ) 125, 18 ಮಿ.ಮೀ. ತೂತು ನಾಲ್ಕು. ಎ4ನಲ್ಲಿ ಆರಾಮಾಗಿ ಕೂಡುತ್ತದೆ. ಪ್ರಿಂಟರ್ ಅಂಚಿನವರೆಗೆ ಶಾಯಿ ಹಾಕಲಾರದು, ಎರಡೂ ಬದಿ 4.2 ಮಿ.ಮೀ. ಬಿಡುತ್ತದೆ ಅನ್ನಿ. ‘ಫಿಟ್’ ಇದ್ದರೆ 210ರ ಪುಟವನ್ನು 201.6ಕ್ಕೆ ಕುಗ್ಗಿಸುತ್ತದೆ, 96%. ಪಿಸಿಡಿ 125 ಹೋಗಿ 120 ಆಯಿತು, ಪ್ರತಿ ತೂತೂ 2.5 ಮಿ.ಮೀ. ಒಳಕ್ಕೆ ಸರಿಯಿತು. ಜೋಡಿಸುವ ಎರಡೂ ಫ್ಲ್ಯಾಂಜಿನ 18ರ ತೂತಿನಲ್ಲಿ ಎಂ16 (16 ಮಿ.ಮೀ.) ಬೋಲ್ಟ್ ತಡೆದುಕೊಳ್ಳುವ ಸರಿದಾಟ 2 ಮಿ.ಮೀ. ಮಾತ್ರ. ಹಾಳೆ ನೋಡಲು ಚೆಂದವೇ ಇರುತ್ತದೆ; ಬೋಲ್ಟ್ ಮಾತ್ರ ಹೋಗುವುದಿಲ್ಲ.

ಇನ್ನು ‘ಸ್ಕೇಲ್ ಮಾಡಬೇಡಿ’: ದಯವಿಟ್ಟು ಬೇಡ. ಶೆಡ್ಡಿನಲ್ಲಿ ಸ್ಕೇಲ್ ಅಂದರೆ ಸ್ಟೀಲ್ ಪಟ್ಟಿ; ಆಫೀಸಿನಲ್ಲಿ 1:50, 1:100; ಕ್ಯಾಡ್ ಮುಂದೆ ಕೂತವರಿಗೆ ಅದೊಂದು ಕಮಾಂಡ್, ಕೊಟ್ಟರೆ ವಸ್ತುವಿನ ಅಳತೆಯೇ ಬದಲಾಗುತ್ತದೆ. ಆ ಟಿಪ್ಪಣಿಯ ಅರ್ಥ ಇದ್ಯಾವುದೂ ಅಲ್ಲ, ‘ಹಾಳೆಯ ಮೇಲೆ ಪಟ್ಟಿ ಇಟ್ಟು ಅಳತೆ ತೆಗೆಯಬೇಡಿ, ಬರೆದ ಅಂಕಿಯನ್ನೇ ಹಿಡಿಯಿರಿ’ ಅಂತ. ಹಾಗೇ ಬರೆಯಿರಿ, ಉದ್ದವಾದರೂ ಆಗಲಿ. ಆದರೆ ನಿಮ್ಮ 1:1 ಹಾಳೆ ಇರುವುದೇ ಅದರ ಮೇಲಿಂದ ಗುರುತು ಹಾಕಲು. ಅದರಲ್ಲಿ ಈ ಟಿಪ್ಪಣಿ ಉಳಿದರೆ ಒಂದಕ್ಕೊಂದು ತಾಳೆಯಾಗದು, ತೆಗೆದುಹಾಕಿ.

ಮತ್ತೊಂದು ಉತ್ತರ, ವಾಸ್ಕೋದಿಂದ

ಮೇಲಿನವರ ಮಾತು ಒಪ್ಪಿದೆ, ಆದರೆ ‘ವಸ್ತುವಿನಷ್ಟೇ ಅಳತೆ’ ಬಾಯಲ್ಲಿ ನಿಲ್ಲುವುದಿಲ್ಲ. ವಿಜಯಪುರದವರು ‘ಖರೇ ಅಳತಿ’ ಅಂತಾರೆ. ಅತ್ತ ಮರಾಠಿಯಲ್ಲೂ ‘ಖರಂ ಮಾಪ್’ ಇದೆ, ಶೆಡ್ಡಿನ ಸೂಪರ್‌ವೈಸರನಿಗೂ ತಿಳಿಯುತ್ತದೆ. ಸೂಚನೆಯಲ್ಲಿ ಅದನ್ನೇ ಹಾಕಿ, ಗ್ರಾಂಥಿಕ ಅಲ್ಲ ಎಂಬ ಸಂಕೋಚ ಬೇಡ. ಅಂಟಿಸುವ ಹಾಳೆಗೆ ‘ಪಡಿಯಚ್ಚು’ ಅನ್ನಬಹುದು. ಆದರೆ ಅವರ ಬಾಯಲ್ಲಿರುವುದು ‘ಟೆಂಪ್ಲೇಟ್’, ಅದು ಇರಲಿ ಬಿಡಿ.

ಹಾಳೆಯ ಮೇಲೆ ಅಡ್ಡ ಒಂದು, ಉದ್ದ ಒಂದು, ಹೀಗೆ 100 ಮಿ.ಮೀ.ನ ಎರಡು ಗೆರೆ ಎಳೆದಿಡಿ. ಎರಡೂ 96 ಬಂದರೆ ಫಿಟ್ ಆಗಿದೆ. ಒಂದು 100, ಇನ್ನೊಂದು 99.5 ಬಂದರೆ ತಪ್ಪು ಪ್ರಿಂಟ್ ಕಿಟಕಿಯಲ್ಲಿಲ್ಲ, ಕಾಗದ ಎಳೆಯುವ ರೋಲರಿನಲ್ಲಿ ಇಲ್ಲವೇ ಕಾಗದದಲ್ಲೇ ಇದೆ. 100.5% ಕೊಟ್ಟು ಸರಿಮಾಡಲು ಹೋಗಬೇಡಿ, ಸರಿ ಇದ್ದದ್ದೂ ಕೆಡುತ್ತದೆ. ಮಳೆಗಾಲದಲ್ಲಿ ಇಲ್ಲಿ ಕಾಗದ ತೇವ ಹೀರಿ ಹಿಗ್ಗುತ್ತದೆ, ನಾರಿನ ಉದ್ದಕ್ಕಿಂತ ಅಡ್ಡಕ್ಕೆ ಹೆಚ್ಚು. ಪದೇ ಪದೇ ಬೇಕಾಗುವ ಟೆಂಪ್ಲೇಟಿಗೆ ಪಾಲಿಯೆಸ್ಟರ್ ಫಿಲ್ಮ್ ಒಳ್ಳೆಯದು. ಗೆರೆ 0.13 ಅಥವಾ 0.18 ಮಿ.ಮೀ. ಇರಲಿ, 0.5ರ ಗೆರೆ ಇದ್ದರೆ ಪಂಚಿನ ತುದಿ ಎಲ್ಲಿಡಬೇಕು ಅನ್ನುವುದೇ ಜಗಳ. ವಾಟ್ಸ್ಆ್ಯಪ್‌ನಲ್ಲಿ ಫೋಟೊ ಮಾಡಿ ಕಳಿಸಿದ ಡ್ರಾಯಿಂಗಿಗೆ ಯಾವ ಅಳತೆಯೂ ಇರುವುದಿಲ್ಲ, ಪಿಡಿಎಫ್ ಡಾಕ್ಯುಮೆಂಟ್ ಆಗಿಯೇ ಕಳಿಸಿ.

ಪ್ರಶ್ನೆ ಕೇಳಿದವರಿಂದ

ಇಬ್ಬರಿಗೂ ಧನ್ಯವಾದ. ಸೂಚನೆಯ ತಲೆಬರಹ ಹೀಗೆ ಆಯಿತು: ‘ಖರೇ ಅಳತಿ, 1:1. ಪ್ರಿಂಟ್ ತೆಗೆಯುವಾಗ ಫಿಟ್ ಬೇಡ, ಪುಟ ಇದ್ದಷ್ಟೇ 100%. ಅಂಟಿಸೂಕಿಂತ ಮೊದಲ ಎರಡೂ ಗೆರಿ ಪಟ್ಟಿ ಇಟ್ಟು ನೋಡ್ರಿ, 100 ಬರಬೇಕು.’ ‘ನೋಡ್ರಿ’ಯನ್ನು ‘ನೋಡಿರಿ’ ಅಂತ ತಿದ್ದುವವರು ಯಾರಾದರೂ ಇದ್ದೀರಾ?