ಸಮಸ್ಯಾಪೂರಣ: ಗೆದ್ದ ದೊರೆ ಸೆರೆಯಾದ ಸೋತವನವನ ಕಾದಿಹನು

ನಿರ್ವಾಹಕರು, ಮಡಿಕೇರಿ:
ಸಮಸ್ಯಾಪೂರಣ ಎಂದರೆ ಕೊಟ್ಟ ಒಂದು ಸಾಲಿಗೆ ಉಳಿದ ಸಾಲುಗಳನ್ನು ಕಟ್ಟಿ ಪದ್ಯ ತುಂಬುವುದು. ಈ ಸಲದ ಸಮಸ್ಯೆ, ಅಂದರೆ ಮೇಲೆ ಕೊಟ್ಟ ಸಾಲು, ಆರು ಸಾಲಿನ ಭಾಮಿನಿ ಷಟ್ಪದಿಯ ಕೊನೆಯ ಸಾಲು. ವಸ್ತು: ಕಲ್ಪನೆಯ ಒಂದು ರಾಜ್ಯ, ಒಲಿಯದ ರಾಜಕುವರಿ, ದ್ರೋಹ, ಆಮೇಲಿನ ಪಶ್ಚಾತ್ತಾಪ.

ಗಣಗಳಾಗಿ, ಅಂದರೆ ಮಾತ್ರೆಗಳ ಗುಂಪುಗಳಾಗಿ, ಬಿಡಿಸಿದರೆ ಹೀಗೆ: ಗೆದ್ದ | ದೊರೆಸೆರೆ | ಯಾದ | ಸೋತವ | ನವನ | ಕಾದಿಹ | ನು. ಮೂರು–ನಾಲ್ಕು ಮಾತ್ರೆಗಳ ಜೋಡಿ ಮೂರು ಸಲ, ಕೊನೆಗೊಂದು ಗುರು (ಗುರು ಎರಡು ಮಾತ್ರೆಯ ಅಕ್ಷರ, ಲಘು ಒಂದು ಮಾತ್ರೆಯದು). ಸಾಲಿನ ಕೊನೆಯಲ್ಲಿರುವುದರಿಂದ ‘ನು’ ಗುರುವಿನ ಲೆಕ್ಕಕ್ಕೆ ಬರುತ್ತದೆ. 3 ಮತ್ತು 6ನೇ ಸಾಲಿಗೆ 23 ಮಾತ್ರೆ, ಉಳಿದ ನಾಲ್ಕಕ್ಕೆ 14ರಂತೆ, ಪದ್ಯಕ್ಕೆ ಒಟ್ಟು 102. ಆದಿಪ್ರಾಸ, ಅಂದರೆ ಪ್ರತಿ ಸಾಲಿನ ಎರಡನೇ ಅಕ್ಷರದಲ್ಲಿ ಬರಬೇಕಾದ ಒಂದೇ ವ್ಯಂಜನ, ‘ದ್ದ’. ಬರೆಯುವ ಮೊದಲೇ ಕದ್ದ, ಬಿದ್ದ, ಸದ್ದು, ನಿದ್ದೆ, ಮದ್ದು, ಮುದ್ದು, ಉದ್ದ, ಗದ್ದುಗೆ ಎಂದು ಪದಗಳನ್ನು ಗುಡ್ಡೆ ಹಾಕಿಕೊಳ್ಳಿ. ಆಮೇಲೆ ಐದನೇ ಸಾಲನ್ನು ಮೊದಲು ಕಟ್ಟಿ. ಸಮಸ್ಯೆಗೆ ನೇರವಾಗಿ ಬೆಸೆಯಬೇಕಾದ್ದು ಅದೇ. ಒಂದನೇ ಸಾಲಿನಿಂದ ಕಥೆ ಹೇಳುತ್ತಾ ಬಂದವರಿಗೆ ಐದರ ಹೊತ್ತಿಗೆ ಜಾಗವೇ ಉಳಿದಿರುವುದಿಲ್ಲ.

ಸೋತವನು ಮತ್ತೆ ದಂಡೆತ್ತಿ ಬಂದು ದೊರೆಯನ್ನು ಸೆರೆಮನೆಗೆ ಹಾಕಿದ ಎಂಬ ಪರಿಹಾರ ಬೇಡ. ಆಗ ‘ಗೆದ್ದ’ ಎಂಬ ಮಾತೇ ಸುಳ್ಳಾಗುತ್ತದೆ. ಗೆಲುವು ಗೆಲುವಾಗಿಯೇ ಇದ್ದು, ಅದೇ ಸೆರೆಯಾಗಬೇಕು.

ವಿರಾಜಪೇಟೆಯಿಂದ:
ಕದ್ದ ಮುದ್ರೆಯಲಿರುಳು ಬಾಗಿಲ
ಸದ್ದು ಮಾಡದೆ ತೆರೆದು ಗೆಳೆಯನ
ನಿದ್ದೆಯಲ್ಲಿಯೆ ಕೊಂದು ಕೋಟೆಯ ಕೊಂಡನಾಸೆಯಲಿ
ಎದ್ದು ಹೋದಳು ಮುಖವ ನೋಡದೆ
ಗದ್ದುಗೆಯ ಮೇಲವನ ನೆನಪಲಿ
ಗೆದ್ದ ದೊರೆ ಸೆರೆಯಾದ ಸೋತವನವನ ಕಾದಿಹನು

ನಿರ್ವಾಹಕರು:
ಮೇಡಂ, ಐದನೇ ಸಾಲು ಎಷ್ಟು ಚೆನ್ನಾಗಿ ಕೂತಿದೆ! ‘ಅವನ ನೆನಪಲಿ’ ಎಂದದ್ದರಿಂದ ಸೆರೆ ಯಾವುದು, ಕಾವಲುಗಾರ ಯಾರು, ಎರಡೂ ಒಟ್ಟಿಗೆ ತಿಳಿದವು. ಮಲಗಿದವನನ್ನು ಕೊಂದದ್ದರಿಂದ ಪಶ್ಚಾತ್ತಾಪಕ್ಕೂ ತೂಕ ಬಂತು. ಯುದ್ಧದಲ್ಲಿ ಕೊಂದಿದ್ದರೆ ಇಷ್ಟು ಕಾಡುತ್ತಿರಲಿಲ್ಲ. ಒಂದೇ ಕೊರತೆ: ಎದ್ದು ಹೋದವಳು ಯಾರು? ಅವಳು ಗೊತ್ತಾಗದಿದ್ದರೆ ‘ಆಸೆ’ ಬರೀ ಕೋಟೆಯ ಆಸೆಯಾಗುತ್ತದೆ. ‘ಮುಖವ’ ತೆಗೆದು ‘ಕುವರಿ’ ಹಾಕಿ, ಮೂರಕ್ಕೆ ಮೂರು ಮಾತ್ರೆ: ‘ಎದ್ದು ಹೋದಳು ಕುವರಿ ನೋಡದೆ’.

ಸೋಮವಾರಪೇಟೆಯಿಂದ:
ಸರ್, ನನ್ನದು ಇನ್ನೂ ಎರಡೇ ಸಾಲು. ಮಾತ್ರೆ 14 ಸರಿಯಿದೆ, ಆದರೂ ಓದುವಾಗ ಎಡವುತ್ತದೆ.
ಬುದ್ಧಿ ಕೆಟ್ಟಿತು ಕುವರಿಯೊಲಿಯಳು
ಕದ್ದು ಕಠಾರಿಯನ್ನು ತಂದನು

ಕುಶಾಲನಗರದಿಂದ:
ಎಡವುವುದು ‘ಕಠಾರಿ’ಯಲ್ಲಿ. ಲಘು, ಗುರು, ಲಘು. ಕೂಡಿದರೆ ನಾಲ್ಕೇ, ಆದರೆ ಗಣದ ಮೊದಲಿಗೆ ಲಘುವಿನ ಬೆನ್ನಿಗೇ ಗುರು ಬಂದರೆ ನಡೆ ಮುರಿಯುತ್ತದೆ. ಬೆರಳೆಣಿಸಿದರೆ ಇದು ಸಿಕ್ಕುವುದಿಲ್ಲ, ತಾಳ ಹಾಕಿ ಗಟ್ಟಿಯಾಗಿ ಓದಬೇಕು. ನಮ್ಮ ಕೊಡಗಿನ ಆಯುಧವನ್ನೇ ಕೊಡಿ ಅವನ ಕೈಗೆ: ‘ಕದ್ದು ತಂದನು ಪೀಚೆಕತ್ತಿಯ’. ಇನ್ನು ‘ಬುದ್ಧಿ’ಯಲ್ಲಿರುವುದು ಮಹಾಪ್ರಾಣ, ದ್ಧ. ಸಡಿಲವಾಗಿ ಒಪ್ಪುವವರಿದ್ದಾರೆ, ಆದರೆ ದ್ದಕಾರಕ್ಕೆ ಇಷ್ಟೊಂದು ಪದಗಳಿರುವಾಗ ಆ ಸಡಿಲ ಯಾಕೆ? ‘ಮುದ್ದು ಕುವರಿಯು ತನ್ನನೊಲ್ಲಳು’ ಎನ್ನಿ. ‘ಒಲಿಯಳು’ಗಿಂತ ‘ಒಲ್ಲಳು’ ನಾಟುತ್ತದೆ.

ನನ್ನ ಪೂರಣದಲ್ಲಿ ಕುವರಿ ಇಲ್ಲ, ವಸ್ತುವಿನಿಂದ ಸ್ವಲ್ಪ ಆಚೆ ಹೋಗಿದ್ದೇನೆ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಮಡಿಕೇರಿಯ ಓಂಕಾರೇಶ್ವರ ದೇವಸ್ಥಾನದ ಐತಿಹ್ಯ ಈ ಸಮಸ್ಯೆಗೆಂದೇ ಹುಟ್ಟಿದಂತಿದೆ. ಅರಸ ಕೊಲ್ಲಿಸಿದ ಬ್ರಾಹ್ಮಣ ಬ್ರಹ್ಮರಾಕ್ಷಸನಾಗಿ ಕಾಡಿದ, ಪರಿಹಾರಕ್ಕೆ ಕಾಶಿಯಿಂದ ಲಿಂಗ ತರಿಸಿದರು ಎನ್ನುತ್ತಾರೆ.
ಸದ್ದಡಗಿತೆಂದರಸ ನಕ್ಕನು
ಬಿದ್ದ ವಿಪ್ರನೆ ಬಂದು ನಿಂತನು
ನಿದ್ದೆಯಿಲ್ಲದ ಕಣ್ಣ ಮುಂದೆಯೆ ಹಗಲುರಾತ್ರಿಯಲಿ
ಮದ್ದು ಕಾಣದೆ ಕಾಶಿಲಿಂಗವ
ಉದ್ದ ದಾರಿಯ ಸವೆಸಿ ತರಿಸಿದ
ಗೆದ್ದ ದೊರೆ ಸೆರೆಯಾದ ಸೋತವನವನ ಕಾದಿಹನು

ವಿರಾಜಪೇಟೆಯಿಂದ:
‘ಸದ್ದಡಗಿತು’ ಎಂಬಲ್ಲೇ ಕೊಲೆಯನ್ನು ಹೇಳಿ ಮುಗಿಸಿದಿರಿ, ಅದರಿಂದ ಉಳಿದ ಸಾಲುಗಳೆಲ್ಲ ಪಶ್ಚಾತ್ತಾಪಕ್ಕೇ ಸಿಕ್ಕವು. ನಾನು ಮೂರು ಸಾಲು ಕೊಲೆಗೇ ಸುರಿದೆ. ಆದರೆ ‘ಲಿಂಗವ’ ಆದ ಮೇಲೆ ‘ಉದ್ದ’ ಸ್ವರದಿಂದ ಶುರುವಾಗುತ್ತದಲ್ಲ, ಸಂಧಿ ಮಾಡದೆ ಬಿಟ್ಟ ವಿಸಂಧಿ ದೋಷವಾಗಲಿಲ್ಲವೇ?

ಕುಶಾಲನಗರದಿಂದ:
ಆಗಿದೆ. ಸಂಧಿ ಮಾಡಿ ‘ಕಾಶಿಲಿಂಗವ / ನುದ್ದ ದಾರಿಯ’ ಎಂದು ಓದಿಕೊಳ್ಳಿ. ಮಾತ್ರೆ ಬದಲಾಗುವುದಿಲ್ಲ, ಪ್ರಾಸವೂ ಕೆಡುವುದಿಲ್ಲ.

ನಿರ್ವಾಹಕರು:
ಸೋಮವಾರಪೇಟೆಯವರು ತಿದ್ದಿದ ಎರಡು ಸಾಲಿನಿಂದಲೇ ಮುಂದುವರಿಸಲಿ. ಕತ್ತಿ ಕದ್ದಾಯಿತು, ಮೂರನೇ ಸಾಲಿನ 23 ಮಾತ್ರೆಯಲ್ಲಿ ದ್ರೋಹ ಮುಗಿದುಬಿಡಲಿ, ನಾಲ್ಕು ಮತ್ತು ಐದು ದೊರೆಯ ಮನಸ್ಸಿಗಿರಲಿ.