ಅಪ್‌ಡೇಟ್: ಅಮ್ಮನ ಜೊತೆ ಕಲ್ಲತ್ತಿಗಿರಿಗೆ ಹೋಗಿ ಬಂದೆವು

ಮಂಡಿನೋವಿರುವ ಅಮ್ಮನನ್ನು ಈ ಮಳೆಗಾಲದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಹೆಬ್ಬೆ ಜಲಪಾತಕ್ಕೆ ಕರೆದುಕೊಂಡು ಹೋಗಬಹುದಾ ಅಂತ ಹೋದ ತಿಂಗಳು ಇಲ್ಲಿ ಕೇಳಿದ್ದೆ. ಬೇಡ, ಜೀಪ್ ಇಳಿದ ಮೇಲೂ ನಡೆಯಬೇಕು, ಹಳ್ಳ ದಾಟಬೇಕು, ಅದರ ಬದಲು ಕಲ್ಲತ್ತಿಗಿರಿ ಜಲಪಾತಕ್ಕೆ ಹೋಗಿ ಅಂದಿರಿ. ನಿಮ್ಮ ಮಾತು ಕೇಳಿದ್ದು ಒಳ್ಳೆಯದಾಯಿತು.

ಲಿಂಗದಹಳ್ಳಿ ದಾಟುವಾಗಲೇ ಜಡಿಮಳೆ. ಕಲ್ಲತ್ತಿಗಿರಿಯಲ್ಲಿ ವೀರಭದ್ರಸ್ವಾಮಿ ದೇವಸ್ಥಾನದ ಪಕ್ಕದಲ್ಲೇ ನೀರು ಇಳಿಯುತ್ತದೆ, ಜಾಸ್ತಿ ನಡೆಯಬೇಕಾಗಿಲ್ಲ. ನೀರು ಕೆಂಪಗಿತ್ತು, ಹಾಗಾಗಿ ನಾವು ಕಾಲಿಡಲಿಲ್ಲ. ಮೇಲೆ ಬೆಟ್ಟದಲ್ಲಿ ಮಳೆ ಹೊಡೆದರೆ ಇಲ್ಲಿ ನೀರು ಏರುವುದು ಗೊತ್ತೇ ಆಗುವುದಿಲ್ಲ. ಅಮ್ಮ ಕೊಡೆ ಹಿಡಿದು ಅರ್ಧ ಗಂಟೆ ಸುಮ್ನೆ ನೋಡುತ್ತಾ ನಿಂತಿದ್ದರು. ಮುಖದ ತುಂಬ ಹನಿ. ಅವರು ಅಷ್ಟು ಖುಷಿಯಾಗಿದ್ದನ್ನು ನೋಡಿ ತುಂಬಾ ದಿನವಾಗಿತ್ತು.

ಮಳೆಯಲ್ಲಿ ಇಂಬಳ (ಕಾಡಿನ ಜಿಗಣೆ) ಹತ್ತುತ್ತದೆ ಅಂತ ನೀವು ಹೇಳಿದ್ದು ನಿಜ. ಕಾರು ಹತ್ತುವಾಗ ನೋಡಿದರೆ ಅಮ್ಮನ ಹಿಮ್ಮಡಿ ಮೇಲೆ ಒಂದು, ರಕ್ತ ಹೀರಿ ಕಪ್ಪು ದ್ರಾಕ್ಷಿಯಷ್ಟು ದಪ್ಪವಾಗಿತ್ತು. ನನಗೆ ಗಾಬರಿ. ಅಮ್ಮ ಎಲೆಅಡಿಕೆ ಚೀಲದಿಂದ ಸುಣ್ಣ ತೆಗೆದು ಬೆರಳ ತುದಿಯಿಂದ ಮುಟ್ಟಿಸಿದರು, ಪಟ್ಟನೆ ಉದುರಿತು. ರಕ್ತ ಮಾತ್ರ ಬೇಗ ನಿಲ್ಲಲಿಲ್ಲ. ಇಂಬಳದ ಜೊಲ್ಲು ರಕ್ತ ಹೆಪ್ಪುಗಟ್ಟಲು ಬಿಡುವುದಿಲ್ಲ, ಅದಕ್ಕೇ. ಬಟ್ಟೆ ಒತ್ತಿ ಹಿಡಿದೆವು.

ಈಗ ಅಮ್ಮ ಕಿಗ್ಗದ ಹತ್ತಿರದ ಸಿರಿಮನೆ ಜಲಪಾತ ನೋಡಬೇಕು ಅನ್ನುತ್ತಿದ್ದಾರೆ. ಅಲ್ಲಿ ಮೆಟ್ಟಿಲು ಇಳಿಯಬೇಕು ಅಲ್ವಾ? ಮಳೆ ಕಡಿಮೆಯಾಗಲಿ, ಅಕ್ಟೋಬರ್‌ನಲ್ಲಿ ನಿಧಾನವಾಗಿ ಇಳಿಸಿಕೊಂಡು ಹೋಗುತ್ತೇನೆ.