ಸಹಾಯ ಬೇಕು: ಮಕ್ಕಳ ಕಥೆಯಲ್ಲಿ ಬರುವ ನಾಯಿಯ ಗುಟ್ಟಿನ ಕುರಿತು

ಎಲ್ಲರಿಗೂ ನಮಸ್ಕಾರ. ಗಂಗಾವತಿಯವಳಾದ ನಾನು ಹತ್ತು-ಹನ್ನೆರಡು ವಯಸ್ಸಿನ ಮಕ್ಕಳಿಗಾಗಿ ವೈಜ್ಞಾನಿಕ ಸಾಹಸ ಕಥೆಯೊಂದನ್ನು ಬರೆಯುತ್ತಿದ್ದು, ಅದು ಒಂದು ತಿರುವಿನಲ್ಲಿ ನಿಂತುಹೋಗಿರುವುದರಿಂದ ನಿಮ್ಮ ನೆರವು ಕೋರುತ್ತಿದ್ದೇನೆ.

ಕಥೆ ನಡೆಯುವುದು ಹಿರೇಬೆಣಕಲ್ ಬೆಟ್ಟದ ಮೇಲೆ, ನಮ್ಮ ಜನ ಮೋರ್ಯರ ಗುಡ್ಡ ಎಂದು ಕರೆಯುವ ಸುಮಾರು 400 ಶಿಲಾಸಮಾಧಿಗಳ ನಡುವೆ. ಅಕ್ಕ-ತಮ್ಮ ಸಾಕಿದ ಕರಿಯ ಎಂಬ ನಾಯಿ ಅಲ್ಲಿನ ನಗಾರಿಯಂತಹ ಬಂಡೆಯ ಬಳಿ ದಿನವೂ ಸಂಜೆ ಕಿವಿ ನಿಮಿರಿಸಿ ಕೂರುತ್ತದೆ. ಬಂಡೆಯಡಿ ಹುದುಗಿರುವ ಅನ್ಯಲೋಕದ ಯಂತ್ರದ ಸಂದೇಶವನ್ನು ಅದು ಆಲಿಸುತ್ತಿದೆ ಎಂಬುದೇ ಗುಟ್ಟು. ಸದ್ದು ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬುದರ ಅಳತೆಯೇ ಹರ್ಟ್ಸ್. ಮನುಷ್ಯರಿಗೆ ಸುಮಾರು 20,000 ಹರ್ಟ್ಸ್‌ವರೆಗೆ, ನಾಯಿಗಳಿಗೆ ಸುಮಾರು 45,000 ಹರ್ಟ್ಸ್‌ವರೆಗೆ ಕೇಳಿಸುವುದರಿಂದ ಸಂದೇಶವನ್ನು 30,000 ಹರ್ಟ್ಸ್‌ನಲ್ಲಿ ಇರಿಸಿದ್ದೇನೆ.

ಮಕ್ಕಳು ಅದನ್ನು ಮೊಬೈಲಿನಲ್ಲಿ ಮುದ್ರಿಸಿಕೊಳ್ಳುವಂತೆ ಮೊದಲು ಬರೆದಿದ್ದೆ. ಆದರೆ ಸೆಕೆಂಡಿಗೆ 44,100 ಬಾರಿ ಮಾದರಿ ತೆಗೆಯುವ ಮುದ್ರಣದಲ್ಲಿ 22,050 ಹರ್ಟ್ಸ್‌ಗಿಂತ ಮೇಲಿನ ಸದ್ದು ಸರಿಯಾಗಿ ದಾಖಲಾಗದು ಎಂದು ತಿಳಿದ ಮೇಲೆ ಆ ಅಧ್ಯಾಯವನ್ನು ಕೈಬಿಟ್ಟೆ. ಯಂತ್ರ ಕಲ್ಪನೆಯದಾದರೂ ಮಕ್ಕಳು ಮಾಡುವ ಪ್ರಯೋಗ ಸುಳ್ಳಾಗಬಾರದು ಎಂಬುದು ನನ್ನ ಹಟ.

ಬಾವಲಿಗಳ ಸದ್ದು ಕೇಳಲು ಬಳಸುವ ಕೆಲವು ಉಪಕರಣಗಳಲ್ಲಿ, ಬಂದ ಸದ್ದಿನೊಡನೆ ಇನ್ನೊಂದು ಕಂಪನವನ್ನು ಬೆರೆಸಿ ಎರಡರ ವ್ಯತ್ಯಾಸವನ್ನು ಕೇಳಿಸುತ್ತಾರೆ. 30,000ಕ್ಕೆ 28,000 ಬೆರೆಸಿದರೆ 2,000 ಹರ್ಟ್ಸ್‌ನ ಸಿಳ್ಳೆ ಸಿಗುತ್ತದೆ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸಿಗುವ ಬಿಡಿಭಾಗಗಳಿಂದ, ದೊಡ್ಡವರೊಬ್ಬರ ಸಹಾಯದಲ್ಲಿ, ಏಳನೇ ತರಗತಿಯ ಹುಡುಗಿ ಇದನ್ನು ಕಟ್ಟಬಲ್ಲಳೇ? ಎಲೆಕ್ಟ್ರಾನಿಕ್ಸ್ ಬಲ್ಲವರು ದಯವಿಟ್ಟು ಹಂತಗಳನ್ನು ವಿವರಿಸಬೇಕು. ಕೊಪ್ಪಳ ಜಿಲ್ಲೆಯ ಶಿಕ್ಷಕರು ಯಾರಾದರೂ ಹೊಸದಾಗಿ ಬರೆಯುವ ಅಧ್ಯಾಯವನ್ನು ತರಗತಿಯಲ್ಲಿ ಓದಿ, ಮಕ್ಕಳು ಎಲ್ಲಿ ಬೇಸರಗೊಂಡರು ಎಂದು ತಿಳಿಸಿದರೆ ಉಪಕಾರವಾಗುತ್ತದೆ.